ಕೇಳಿ ತಗೊಳ್ಳುವ ಕಳ್ಳ

“ಖರೆ ಹೇಳು, ಇದರಾಗ ಇಲ್ಲೀತನಕ ಎಷ್ಟು ಮಂದೀನ್ನ ಕೊಂದೀರಿ?”

ತಾರಾಬಾಯಿ ಬಚ್ಚಲ ಒಲೆಯ ಮುಂದೆ ನಿಂತಿದ್ದಳು. ಕೈಯಲ್ಲಿ ಮೊಮ್ಮಗನ ದಪ್ಪ ನೋಟ್‌ಬುಕ್ಕು. ಒಲೆಯಲ್ಲಿ ಬೆಂಕಿ ಧಗಧಗ ಉರಿಯುತ್ತಿತ್ತು. ಸಮ್ಮೇದ ಓಡಿಬಂದು ಒಲೆಗೆ ಅಡ್ಡ ನಿಂತ.

“ಮಂದಿ ಅಲ್ಲ ಆಯಿ, ರಾಕ್ಷಸರು. ಅದೂ ಹಾಳ್ಯಾಗ.”

“ಹಾಳ್ಯಾಗ ಕೊಂದರೂ ಮನಸ್ಸಿನಾಗ ಕೊಂದಂಗ ಅಲ್ಲೇನ? ನಾವು ಜೈನರು, ಚಾತುರ್ಮಾಸ ನಡದೈತಿ, ನೆನಪೈತಿಲ್ಲೋ?”

ಆ ನೋಟ್‌ಬುಕ್ಕು ಸಮ್ಮೇದನ ಎರಡು ವರ್ಷದ ಬೆವರು. ಪುಣೆಯ ಕಾಕಾನ ಮನೆಯಲ್ಲಿ ಇಂಗ್ಲಿಷಿನ ಒಂದು ಆಟದ ಪುಸ್ತಕ ಕಂಡಿದ್ದ. ಗೋಕಾಕಕ್ಕೆ ಬಂದವನೇ ಅದರ ಧಾಟಿಯಲ್ಲಿ ತನ್ನದೇ ಆಟ ಕಟ್ಟಿದ. ಅವನು ಕಥೆ ಹೇಳುತ್ತ ರಾಕ್ಷಸರನ್ನು ಆಡಿಸಬೇಕು; ಗೆಳೆಯರು ಯೋಧ, ಕಳ್ಳ, ಮಾಂತ್ರಿಕೆಯಾಗಿ ದಾಳ ಉರುಳಿಸಿ ಕಾದಾಡಬೇಕು. ಯಾವ ಪಾತ್ರಕ್ಕೆ ಎಷ್ಟು ಬಲ, ಯಾವ ವಿದ್ಯೆ, ಎಲ್ಲ ಅದರಲ್ಲೇ ಇತ್ತು. ಬರುವ ಭಾನುವಾರ ಕೊನೆಯ ಯುದ್ಧ, ಜಲಪಾತದ ಹಿಂದಿನ ಗವಿಯ ಘಟಾಸುರನೊಂದಿಗೆ. ಅಷ್ಟರಲ್ಲಿ ಈ ಗಂಡಾಂತರ!

“ಸುಡಬ್ಯಾಡ ಆಯಿ, ನಿನ್ನ ಕಾಲಿಗೆ ಬೀಳ್ತೀನಿ.”

ಆಯಿಯ ಮುಖ ಸಡಿಲಾಯಿತು. “ಹಂಗಾರ ಪಾತ್ರ ಎಲ್ಲಾ ಹೊಸದಾಗಿ ಬರಿ. ನಾ ಹೇಳ್ತೀನಿ.”

ಪಡಸಾಲೆಯಲ್ಲಿ ಕೂತರು. ಗೋಡೆಯ ಗೂಡಿನಲ್ಲಿ ಆಯಿಯ ಚೌಕಾಬಾರದ ಕವಡೆಗಳು ದೂಳು ಹಿಡಿದು ಬಿದ್ದಿದ್ದವು. ಆಡಲು ಕರೆದರೆ ಸಾಕು, ಓಣಿಯ ಹೆಂಗಸರಿಗೆಲ್ಲ ಟೀವಿಯ ಧಾರಾವಾಹಿ ನೆನಪಾಗುತ್ತಿತ್ತು. ಪಾಪ, ಮೂರು ವರ್ಷದಿಂದ ಆಯಿಗೆ ಜೊತೆಯೇ ಇರಲಿಲ್ಲ.

“ಯೋಧನ ಕೈಯಾಗ ಏನೈತಿ?”

“ಕತ್ತಿ.”

“ತಗಿ ಅದನ್ನ. ತಿಳಿಹೇಳೋ ಶಕ್ತಿ ಕೊಡು.”

ಮಾಂತ್ರಿಕೆಯ ಬೆಂಕಿಮಂತ್ರಕ್ಕೆ ಹುಳಹುಪ್ಪಟೆ ಸಾಯುತ್ತವೆ, ಅದೂ ಹೋಯಿತು. ಬದಲಿಗೆ ಸೋಸಿದ ನೀರು ಚಿಮುಕಿಸುವ ಮಂತ್ರ ಬಂತು. ಹೊತ್ತು ಮುಳುಗಿದ ಮೇಲೆ ಯಾರೂ ಬಲವರ್ಧಕ ಕಷಾಯ ಕುಡಿಯುವಂತಿಲ್ಲ. ಕಳ್ಳ ಏನೇ ಬೇಕಿದ್ದರೂ ಮಾಲೀಕನನ್ನು ಕೇಳಿಯೇ ತಗೋಬೇಕು.

“ಕೇಳಿ ತಗೊಂಡರ ಅವ ಕಳ್ಳ ಹೆಂಗ ಆಗ್ತಾನ ಆಯಿ?”

“ಒಳ್ಳೆ ಕಳ್ಳ ಆಗ್ತಾನ. ಬರಿ.”

ಸಮ್ಮೇದ ಹಲ್ಲು ಕಚ್ಚಿಕೊಂಡು ಬರೆದ. ಕೊನೆಗೆ ಘಟಾಸುರನ ಪುಟ ಬಂತು.

“ಇವಗ ಇನ್ನೂರು ಜೀವ. ಕೋರೆಹಲ್ಲು, ಗದಾ, ಬೆಂಕಿ ಉಗುಳ್ತಾನ. ಏನೇನ ತಗೀಲಿ?”

ಆಯಿ ಕಣ್ಣು ಮುಚ್ಚಿ ಯೋಚಿಸಿದಳು. “ರಾಕ್ಷಸ ಅವ. ವ್ರತ ಹಿಡಿದಾನೇನ? ಇದ್ದಂಗ ಇರ್ಲಿ ಬಿಡು.”

ಸಮ್ಮೇದನಿಗೆ ಮನಸ್ಸು ತುಂಬಿ ಬಂತು. ಎದುರಿಗೆ ಎಂಥ ವೈರಿ ನಿಂತರೂ ನಾವು ಶಾಂತಿ ಬಿಡಬಾರದು. ಇದಲ್ಲವೇ ಆಯಿಯ ಪಾಠ! ಒಳಗೊಳಗೇ ಸಿಟ್ಟಾಗಿದ್ದಕ್ಕೆ ಅವನಿಗೆ ನಾಚಿಕೆಯಾಯಿತು.

ಭಾನುವಾರ ಮಧ್ಯಾಹ್ನ ಹೊಸ ಪಾತ್ರಗಳನ್ನು ಓದಿ ಹೇಳಿದ್ದೇ ತಡ, ಗೆಳೆಯರು ಹೌಹಾರಿದರು.

“ಘಟಾಸುರಗ ನಾ ಏನಂತ ತಿಳಿಹೇಳ್ಲೋ?” ಎಂದ ಯೋಧನಾಗಿದ್ದ ಪ್ರತೀಕ. ಬೆಲ್ಲದ ಬಾಗೇವಾಡಿಯಿಂದ ಇದಕ್ಕಾಗಿಯೇ ಬಂದವನು. ಮಾಂತ್ರಿಕೆ ಪ್ರಣಿತಾ, ಬಾಜೂ ಮನೆಯವಳು, “ನೀರು ಚಿಮುಕಿಸಾಕ ನಾ ಯಾಕ ಬೇಕು?” ಎಂದು ಮುಖ ಊದಿಸಿದಳು. ಕಳ್ಳನಾಗಿದ್ದ ಕಲ್ಲೋಳಿಯ ಮಹೇಶನಂತೂ ಬಸ್ಸು ಹಿಡಿಯಲು ಎದ್ದೇಬಿಟ್ಟ.

ಒಳಗಿನಿಂದ ತಾರಾಬಾಯಿ ಬಂದಳು.

“ನಮ್ಮ ಮನ್ಯಾಗ ಚಾತುರ್ಮಾಸ ಇಲ್ಲರಿ ಆಯಿ,” ಎಂದು ಮಹೇಶ ತೊದಲಿದ.

“ನೀ ಆಡೋದು ನಮ್ಮ ಮನ್ಯಾಗಪಾ. ಕುಂಡ್ರು.”

ನಿಯಮ ತಪ್ಪದಂತೆ ಕಾಯಲು ಬಂದಿದ್ದಾಳೆಂದು ಸಮ್ಮೇದ ಸರಿದು ಜಾಗ ಕೊಟ್ಟ. ಆದರೆ ಆಯಿ ಅವನ ಪಕ್ಕ ಕೂಡಲಿಲ್ಲ. ಚಾಪೆಯ ಆಚೆ ತುದಿಗೆ ಹೋಗಿ, ಮೂವರಿಗೂ ಎದುರಾಗಿ ಚಕ್ಕಳಮಕ್ಕಳ ಹಾಕಿದಳು. ಸೆರಗು ಸೊಂಟಕ್ಕೆ ಸಿಗಿಸಿದಳು. ದಾಳ ಎತ್ತಿಕೊಂಡು, ಕವಡೆ ಕುಲುಕಿದಂತೆ ಅಂಗೈಯಲ್ಲಿ ಕುಲುಕಿ, ಉಫ್ ಎಂದು ಊದಿದಳು.

“ಸಮ್ಮೇದ, ನೀ ಬರೇ ಕತಿ ಹೇಳು. ಘಟಾಸುರ ನಾನು.”