ಸುದ್ದಿ ಹೇಳಲು ಏಳು ಜನ

ಇದನ್ನು ಬೆರಳಲ್ಲಿ ತಳ್ಳಿಕೊಂಡು ಓದಬೇಡಿ... ಎರಡು ನಿಮಿಷ ಕೊಡಿ, ಸಾಕು.

ಕೆನಡಾದ ಒಂದು ಊರು. ಯುದ್ಧ, ಜೈಲು ಅಂತ ದೇಶ ಬಿಟ್ಟು ಬಂದ ನಿರಾಶ್ರಿತರಿಗೆ ಮನೆ, ಶಾಲೆ, ಆಸ್ಪತ್ರೆ ಹೊಂದಿಸಿಕೊಡುವ ಒಂದು ಆಫೀಸು. ಅಲ್ಲಿ ಕೆಲಸ ಮಾಡುವವಳು ನಮ್ಮ ಹಿರಿಯೂರಿನ ಸರ್ವಮಂಗಳಾ.

ಒಳ್ಳೆಯವಳು... ಆದರೆ ರೂಲ್ಸ್ ಅಂದರೆ ರೂಲ್ಸ್.

ಆಫ್ರಿಕಾದ ಎರಿಟ್ರಿಯಾದಿಂದ ನಾಲ್ಕು ತಿಂಗಳ ಹಿಂದೆ ಬಂದ ಅಬ್ರಹೆತ್ ಎಂಬ ತಾಯಿಯ ಜವಾಬ್ದಾರಿ ಅವಳದು. ಅಬ್ರಹೆತ್ ಜೊತೆ ಆರು ವರ್ಷದ ಮಗಳು ಸೋಲಿಯಾನಾ. ಹತ್ತೊಂಬತ್ತರ ಮಗ ಫಿಲ್ಮೊನ್ ಮಾತ್ರ ದಾರಿಯಲ್ಲಿ ಸುಡಾನಿನ ನಿರಾಶ್ರಿತರ ಕ್ಯಾಂಪಿನಲ್ಲೇ ಉಳಿದಿದ್ದ. ಪೇಪರ್ ಆದ ಕೂಡಲೇ ಬರುವವನಿದ್ದ.

ಪೇಪರ್ ಬರಲಿಲ್ಲ... ಆಫೀಸಿಗೆ ಈಮೇಲ್ ಬಂತು. ಫಿಲ್ಮೊನ್ ಜ್ವರದಲ್ಲಿ ತೀರಿಕೊಂಡಿದ್ದ.

ಸರ್ವಮಂಗಳಾ ನಿಯಮದ ಪ್ರಕಾರವೇ ನಡೆದಳು. ಅಬ್ರಹೆತ್‌ಳನ್ನು ಒಬ್ಬಳನ್ನೇ ರೂಮಿಗೆ ಕರೆದಳು. ಒಂದು ಲೋಟ ನೀರು, ಟಿಶ್ಯೂ ಡಬ್ಬ ಮುಂದಿಟ್ಟಳು. ಫೋನಿನ ಸ್ಪೀಕರಿನಲ್ಲಿ ಅವಳ ಭಾಷೆಯ ಅನುವಾದಕ.

ಆ ಮನುಷ್ಯ ತಡವರಿಸಿದ. "ಮೇಡಂ, ಇದನ್ನ ಹೀಗೆ ಹೇಳೋದು ಬೇಡ... ಅವರ ಕಡೆಯವರು ಯಾರಾದ್ರೂ..."

"ನಾನು ಹೇಳಿದಷ್ಟನ್ನೇ ಹೇಳಿ ಸರ್. ಸುತ್ತಿ ಬಳಸಿ ಬೇಡ."

ಹೇಳಿದ.

ಅಬ್ರಹೆತ್ ಅಳಲಿಲ್ಲ. ಬ್ಯಾಗ್ ತೆಗೆದುಕೊಂಡು ಎದ್ದು ಹೋದಳು.

ಆಮೇಲೆ ಶುರುವಾಯಿತು ನೋಡಿ...

ದಿನಾ ಮಗನಿಗೆ ತಟ್ಟೆ ಇಡುವಳು. ಸ್ವಿಚ್ ಆಫ್ ಆದ ಅವನ ನಂಬರಿಗೆ ಫೋನ್ ಮಾಡುವಳು. ತಾನು ಮಾತ್ರ ತುತ್ತು ಮುಟ್ಟಳು. ಮೂರು ವಾರದಲ್ಲಿ ಒಣಗಿ ಕಡ್ಡಿಯಾದಳು.

ಮಾತ್ರೆ ಆಯಿತು, ಕೌನ್ಸೆಲಿಂಗ್ ಆಯಿತು. ಕೊನೆಗೆ ಡಾಕ್ಟರ್, "ಸೋಮವಾರ ಮಾನಸಿಕ ವಾರ್ಡಿಗೆ ಸೇರಿಸೋಣ. ಇವರು ಹುಷಾರಾಗೋವರೆಗೆ ಮಗು ಬೇರೆ ಮನೇಲಿರಲಿ" ಎಂದರು.

ಮಗನ ಹಿಂದೆ ಮಗಳನ್ನೂ ಕಿತ್ತುಕೊಂಡರೆ ಈ ಹೆಂಗಸು ಉಳಿಯುತ್ತಾಳೆಯೇ? ಸರ್ವಮಂಗಳಾಗೆ ಇದೇ ಯೋಚನೆ.

ಶುಕ್ರವಾರ ಅವಳು ಎರಿಟ್ರಿಯಾದವರ ದಿನಸಿ ಅಂಗಡಿ ಹುಡುಕಿಕೊಂಡು ಹೋದಳು. ಯಾರ ಹೆಸರೂ ಹೇಳದೆ ಕೇಳಿದಳು, "ಅಮ್ಮಾ, ಮಗ ತೀರಿಕೊಂಡ ತಾಯಿಗೆ ನಿಮ್ಮಲ್ಲಿ ಏನು ತಿನ್ನಿಸ್ತಾರೆ?"

ಅಂಗಡಿಯ ಮುದುಕಿ ಹಿವೆತ್ ತಲೆಯೆತ್ತಿದಳು. "ಅವಳಿಗೆ ಸುದ್ದಿ ಯಾರು ಹೇಳಿದ್ರು?"

"ನಾನೇ... ಆಫೀಸಲ್ಲಿ."

"ಎಷ್ಟು ಜನ ಇದ್ರಿ?"

"ನಾನೊಬ್ಬಳೇ. ಫೋನಲ್ಲಿ ಇನ್ನೊಬ್ರು."

ಮುದುಕಿ ಎರಡೂ ಕೈ ತಲೆ ಮೇಲೆ ಇಟ್ಟುಕೊಂಡಳು.

"ಸಾವಿನ ಸುದ್ದೀನ ನಮ್ಮಲ್ಲಿ ಒಬ್ರೇ ಹೇಳಲ್ಲ ಮಗಳೇ. ಬೆಳಗಿನ ಜಾವ ಎಲ್ಲರೂ ಸೇರಿ ಮನೆಗೆ ಹೋಗ್ತೀವಿ. ಬಿದ್ರೆ ಹಿಡ್ಕೊಳ್ಳೋಕೆ ಕೈ ಬೇಕಲ್ಲ... ನಿಮ್ಮೂರಲ್ಲಿ ಹೇಗೆ ಹೇಳ್ತೀರಿ?"

ಸರ್ವಮಂಗಳಾಗೆ ತನ್ನೂರು ನೆನಪಾಯಿತು.

ಅವಳಪ್ಪ ಹೋದಾಗ ಅಣ್ಣ ಫೋನಿನಲ್ಲಿ ಹೇಳಿದ್ದು ಇಷ್ಟೇ... "ಅಪ್ಪಂಗೆ ಸ್ವಲ್ಪ ಸೀರಿಯಸ್ಸು ಕಣವ್ವ, ಹೊರಟು ಬಾ."

ಹಿರಿಯೂರಿನ ಬಸ್‌ಸ್ಟ್ಯಾಂಡಿನಲ್ಲಿ ಚಿಕ್ಕಪ್ಪ, ಅತ್ತಿಗೆ, ಪಕ್ಕದ ಮನೆಯವರು ಕಾಯುತ್ತಿದ್ದರು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅತ್ತಿಗೆ ಬಂದು ತೋಳು ಹಿಡಿದುಕೊಂಡಳು... ಅಷ್ಟೇ.

ಅಂದರೆ ಸುದ್ದಿ ಹೇಳುವ ರೀತಿ ಅವಳಿಗೂ ಗೊತ್ತಿತ್ತು. ಕೊರಳಿಗೆ ಐಡಿ ಕಾರ್ಡ್ ಬಿದ್ದ ಮೇಲೆ ಮರೆತಿದ್ದಳು.

ಅವತ್ತು ಮೊದಲ ಸಲ ರೂಲ್ಸ್ ಮುರಿದು ತಾಯಿ, ಮಗನ ಹೆಸರು, ಮನೆ ವಿಳಾಸ ಹಿವೆತ್‌ಗೆ ಕೊಟ್ಟಳು.

ಭಾನುವಾರ ಬೆಳಗಿನ ಜಾವ ಹಿವೆತ್ ಬಂದಳು. ಬಿಳಿ ಶಾಲು ಹೊದ್ದ ಐದು ಹೆಂಗಸರು ಜೊತೆಗಿದ್ದರು. ಅಬ್ರಹೆತ್ ಅವರಲ್ಲಿ ಒಬ್ಬರನ್ನೂ ಕಂಡವಳಲ್ಲ. ಏಳನೆಯವಳಾಗಿ ಸರ್ವಮಂಗಳಾ ಹಿಂದೆ ನಿಂತಳು.

ಅಬ್ರಹೆತ್ ಬಾಗಿಲು ತೆರೆದಳು. ಒಬ್ಬೊಬ್ಬರ ಮುಖವನ್ನೂ ನೋಡಿದಳು...

ಹಿವೆತ್ "ಫಿಲ್ಮೊನ್" ಎಂದಳು, ಅಷ್ಟೇ. ಮೂರು ವಾರದಿಂದ ಕಲ್ಲಾಗಿದ್ದ ಹೆತ್ತ ಕರುಳು ಕಿತ್ತು ಬಂದಂತೆ ಕೂಗಿತು. ಬಿದ್ದಳು. ನೆಲ ಮುಟ್ಟುವ ಮೊದಲೇ ಎಲ್ಲರೂ ಹಿಡಿದುಕೊಂಡರು.

ಮಧ್ಯಾಹ್ನದವರೆಗೆ ಅತ್ತಳು. ಎಲ್ಲರೂ ಅತ್ತರು. ಸೋಲಿಯಾನಾ ಒಬ್ಬರ ಮಡಿಲಿಂದ ಇನ್ನೊಬ್ಬರ ಮಡಿಲಿಗೆ ಹೋಗುತ್ತಾ ಅತ್ತಳು. ಆಮೇಲೆ ಹಿವೆತ್ ಕೈತುತ್ತು ಕೊಟ್ಟಳು... ಅಬ್ರಹೆತ್ ತಿಂದಳು.

ಸೋಮವಾರ ಡಾಕ್ಟರ್ ಬಂದು ನೋಡಿದರು. ಮಾತ್ರೆ ಮುಂದುವರಿಸಿ, ವಾರ್ಡಿನ ಮಾತು ಬಿಟ್ಟರು. ಹೆಂಗಸರು ಸರದಿಯ ಮೇಲೆ ಹನ್ನೆರಡು ದಿನ ಅಲ್ಲೇ ಕೂತರು.

ಹನ್ನೆರಡನೆಯ ದಿನ ಸರ್ವಮಂಗಳಾ ಕೈಮುಗಿದು ಕ್ಷಮೆ ಕೇಳಿದಳು. ಅಬ್ರಹೆತ್ ಏನೋ ಹೇಳಿದಳು... ಹಿವೆತ್ ಅದನ್ನು ಕಣ್ಣೊರೆಸಿಕೊಳ್ಳುತ್ತಾ ತಿಳಿಸಿದಳು.

"ನೀವು ಅವತ್ತು ಹೇಳಿದ್ದು ನನಗೆ ಕೇಳಿಸ್ತು. ಆದ್ರೆ ಮಗ ಸತ್ತಿದ್ರೆ ಯಾರಾದ್ರೂ ಮನೆಗೆ ಬರ್ತಿದ್ರಲ್ಲ... ದಿನಾ ಬೆಳಿಗ್ಗೆ ಬಾಗಿಲು ನೋಡ್ತಿದ್ದೆ. ಯಾರೂ ಬರಲಿಲ್ಲ. ಹಾಗಾದ್ರೆ ಬದುಕಿದಾನೆ ಅಂದ್ಕೊಂಡೆ."

*

ದುಃಖದ ಸುದ್ದಿ ಮುಟ್ಟಿಸಲು ಒಂದು ಫೋನ್ ಸಾಕು... ಅದನ್ನು ತಡೆದುಕೊಳ್ಳಲು ಮಾತ್ರ ಮನುಷ್ಯರೇ ಬೇಕು.

ಕಳೆದ ಸಲ ನೀವು ಗ್ರೂಪಿನಲ್ಲಿ "ಓಂ ಶಾಂತಿ" ಎಂದು ಹಾಕಿ ಸುಮ್ಮನಾದಿರಲ್ಲ... ಆ ಮನೆಗೆ ಹೋಗಿ ಬಂದಿರಾ?