ಸ್ಯಾಮ್ಸನ ಮಾಸ್ತರರ ಓದುಗರು

ಬೋರ್ಡ್ ಕೀಳಲು ಬಡಗಿ ಆಗಲೇ ಬಂದು ನಿಂತಿದ್ದ. ಸ್ಯಾಮ್ಸನ ಮಾಸ್ತರರು ಅದಕ್ಕೆ ಬೆನ್ನು ಹಚ್ಚಿ ಅಡ್ಡ ನಿಂತರು.

"ಯಾರೂ ಓದೂದಿಲ್ಲರಿ ಮಾಸ್ತರ್. ಆ ಜಾಗಾದಾಗ ಚಪ್ಪಲಿ ಸ್ಟ್ಯಾಂಡ್ ಇಡ್ತೇವಿ," ಎಂದರು ದೇಬೋರಾ ಸಿಸ್ಟರ್. ನಿವೃತ್ತ ನರ್ಸ್, ಈಗ ಚರ್ಚ್ ಕಮಿಟಿಯ ಕಾರ್ಯದರ್ಶಿ. ಇಂಜೆಕ್ಷನ್ ಕೊಡುವ ಕಾಲದ ದನಿ ಇನ್ನೂ ಹೋಗಿರಲಿಲ್ಲ.

ಭಾಲ್ಕಿಯ ಆ ಚರ್ಚಿನ ಗೇಟಿನ ಹೊರಗೆ, ಬಸ್ಸು ನಿಲ್ಲುವ ಕಡೆಗೇ ಮುಖ ಮಾಡಿದ ಬೋರ್ಡ್ ಅದು. ಹಿಂದೆ ಕಪ್ಪು ಬಟ್ಟೆ, ಮುಂದೆ ಗಾಜಿನ ಬಾಗಿಲು, ನಡುವೆ ಒಂದು ಸಣ್ಣ ಹಾಳೆ. ನಿವೃತ್ತಿಯಾದಂದಿನಿಂದ ಮಾಸ್ತರರು ದಿನಾ ಬೆಳಿಗ್ಗೆ ಊರಿನ ಇತಿಹಾಸ ಬರೆದು ಅಲ್ಲಿ ಅಂಟಿಸುತ್ತಿದ್ದರು. ಒಂದು ದಿನ ಬೀದರ ಕೋಟೆ, ಇನ್ನೊಂದು ದಿನ ಬಿದರಿ ಕಲೆಯ ಮಣ್ಣು. ಪಾಠ ಕೇಳುವ ಮಕ್ಕಳಿಲ್ಲದ ಮಾಸ್ತರರಿಗೆ ಉಳಿದ ಒಂದೇ ತರಗತಿ. ಅದೂ ಹೋದರೆ ಮನೆಯಲ್ಲಿ ಕೂತು ಮಾಡುವುದೇನು ಎಂದು ಅವರಿಗೆ ನಿಜಕ್ಕೂ ಹೆದರಿಕೆಯಾಗಿತ್ತು.

"ಔರಾದ ಬಸ್ಸು ಹೋಗೂತನಕ ನಿಂತು ನೋಡ್ರಿ ಸಿಸ್ಟರ್. ಯಾರೂ ಓದ್ಲಿಲ್ಲಂದ್ರ ನಾನೇ ಮೊಳಿ ಕಿತ್ತು ಕೊಡ್ತೇನಿ."

ಇಬ್ಬರೂ ಗೇಟಿನ ಮರೆಗೆ ಸರಿದರು.

ಮೊದಲು ಬಂದವನು ಭಾತಂಬ್ರಾದ ಕುರಿಗಾರ ಬಕ್ಕಪ್ಪ. ಬೋರ್ಡಿನ ಮುಂದೆ ನಿಂತವನೇ ತಲೆಯ ರುಮಾಲು ಬಿಚ್ಚಿದ.

"ನೋಡ್ರಿ, ಇತಿಹಾಸಕ್ಕ ಹ್ಯಾಂಗ ಮರ್ಯಾದಿ ಕೊಡ್ತಾನ!" ಮಾಸ್ತರರು ಪಿಸುಗುಟ್ಟಿದರು.

ಬಕ್ಕಪ್ಪ ನಿಧಾನವಾಗಿ ರುಮಾಲು ಸುತ್ತಿಕೊಂಡು, ಒಪ್ಪಿಗೆಯಾದಂತೆ ತಲೆಯಾಡಿಸಿ ಹೋದ. ಆಮೇಲೆ ಟೇಲರ್ ಕುತುಬೋದ್ದೀನ ಬಂದು ಗಡ್ಡ ನೀವುತ್ತ ನಿಂತ.

"ಒಂದೊಂದ ಮಾತೂ ತೂಗಿ ನೋಡ್ಲತ್ತಾನ್ರಿ."

ಕಾಲೇಜಿಗೆ ಹೊರಟ ನಿಷಾ ಎಡಕ್ಕೆ ವಾಲಿ ನೋಡಿದಳು, ಬಲಕ್ಕೆ ವಾಲಿ ನೋಡಿದಳು, ಹುಬ್ಬಿನ ಮೇಲೆ ಬೆರಳಿಟ್ಟು ಯೋಚಿಸಿದಳು. ಔರಾದಿನ ಮದುವೆಗೆ ಹೊರಟ ಚಂದ್ರಭಾಗಾ ಗಾಜಿನ ಹತ್ತಿರಕ್ಕೇ ಬಂದು ಸೆರಗಿನ ತುದಿಯಿಂದ ಕಣ್ಣಂಚು ಒರೆಸಿಕೊಂಡಳು. ಅವತ್ತಿನ ಹಾಳೆಯಲ್ಲಿ ಇದ್ದದ್ದು ಬೀದರಿನ ನೆಲದಡಿಯ ಕಾಲುವೆಗಳ ವಿವರ.

"ಕಾಲುವಿ ಬಗ್ಗೆ ಓದಿ ಅಳೋ ಮಂದಿ ಬ್ಯಾರೆ ಎಲ್ಲ್ಯರೆ ಅದಾರೇನ್ರಿ ಸಿಸ್ಟರ್?" ಹಾಗೆನ್ನುತ್ತ ಮಾಸ್ತರರೂ ಕಣ್ಣು ಒರೆಸಿಕೊಂಡರು.

ದೇಬೋರಾ ಸಿಸ್ಟರ್ ಸೋತರು. ಬಡಗಿಯನ್ನು ವಾಪಸು ಕಳಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ತಪ್ಪಾಯ್ತ್ರಿ ಮಾಸ್ತರ್. ಇಷ್ಟ ಮಂದಿ ಓದ್ತಾರಂದ್ರ ಸಣ್ಣ ಹಾಳಿ ಯಾಕರಿ? ನಾಳಿಂದ ಬೋರ್ಡ್ ತುಂಬ ಬರೀರಿ!"

ಮಾಸ್ತರರಿಗೆ ಸ್ವರ್ಗ ಮೂರೇ ಗೇಣು. ಅಷ್ಟರಲ್ಲಿ ಬಸ್ಸು ಹತ್ತುತ್ತಿದ್ದ ಬಕ್ಕಪ್ಪ ಗಾಬರಿಯಾಗಿ ಕೆಳಗಿಳಿದು, ಓಡಿ ಬಂದು ಕೈ ಮುಗಿದ.

"ಹಂಗ ಮಾಡಬ್ಯಾಡ್ರಿ ಮಾಸ್ತರ್! ಈಗರೆ ಹಾಳಿ ಬಾಜೂಕ ಜರಾ ನಮ್ಮ ಮಾರಿ ಕಾಣ್ತದ. ಗಾಜ ಪೂರಾ ಮುಚ್ಚಿದ್ರ ನಾವು ರುಮಾಲ ಎಲ್ಲಿ ನೋಡಿ ಸುತ್ತಬೇಕ್ರಿ?"