ಹಿಡ್ಕೊಂಡಿರೋರು

ಬಟ್ಟೆಯ ಲೇಸಿಗೆ ಸಿಕ್ಕಿ ಸೀಳಿಹೋದ ಬೆಕ್ಕಿನ ಮರಿಯ ಉಗುರಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಟೈಲರ್ ಅದನ್ನು ಅಂಗಿಯ ತೋಳಿನ ತುಂಡಿನಲ್ಲಿ ಸುತ್ತಿ, ಎಡಗೈಯಿಂದ ಎದೆಗೆ ಅವಚಿಕೊಂಡಿದ್ದ. ಹೊಲಿಗೆ ಮಿಷನ್ನಿನ ಮೇಲಿದ್ದ ಫೋನಿನ ಸ್ಪೀಕರಿನಲ್ಲಿ ಪ್ರಾಣಿಗಳ ಆಸ್ಪತ್ರೆಯ ಹುಡುಗಿ ಹೇಳುತ್ತಿದ್ದಳು:

"ಡಾಕ್ಟ್ರು ಬರೋಕೆ ಇನ್ನೂ ಒಂದು ಗಂಟೆ ಆಗುತ್ತೆ. ಅಲ್ಲೀವರೆಗೂ ಒಬ್ರು ಹಿಡ್ಕೊಳ್ಳಿ, ಇನ್ನೊಬ್ರು ಬಟ್ಟೆ ಒತ್ತಿ. ಜೊತೇಲಿ ಯಾರಾದ್ರೂ ಇದಾರಲ್ವಾ?"

ಇಲ್ಲ ಎನ್ನಲು ಅವನಿಗೆ ನಾಲಿಗೆ ಹೊರಳಲಿಲ್ಲ. "ಇದಾರಮ್ಮ," ಎಂದ. ಬಲಗೈಯಲ್ಲಿ ಒಗೆದ ಬಟ್ಟೆ ತೆಗೆದುಕೊಂಡು ಉಗುರಿಗೆ ಒತ್ತಿದ. ಎಡಗೈ ತಾನಾಗಿ ಬಿಗಿಯಾಯಿತು. ಮರಿ ಚೀರಿತು.

"ಅಯ್ಯೋ, ಹಿಡ್ಕೊಂಡಿರೋರಿಗೆ ಹೇಳಿ ಅಂಕಲ್, ಅಷ್ಟು ಬಿಗಿಯಾಗಿ ಹಿಡೀಬಾರ್ದು ಅಂತ."

ಟೈಲರ್ ಎದುರಿನ ಖಾಲಿ ಸ್ಟೂಲಿನ ಕಡೆ ತಿರುಗಿದ.

"ಕೇಳಿಸ್ತೇನೋ? ಸ್ವಲ್ಪ ಮೆತ್ತಗೆ ಹಿಡ್ಕೊಳೋ," ಎಂದ.

ಅವನ ಎಡಗೈ ಮೆಲ್ಲಗೆ ಸಡಿಲವಾಯಿತು.